ಹಲಗೂರಿನ ಗುಡ್ಡ ಕಲಿಸಿದ ಹೈಡ್ರಾಲಿಕ್ಸ್

ಕನಕಪುರ ರಸ್ತೆಯಲ್ಲಿ ಸಾತನೂರು ದಾಟಿ ಮಳವಳ್ಳಿ ಕಡೆ ಹೋದ್ರೆ ಹಲಗೂರು ಸಿಗುತ್ತೆ. ನಮ್ಮಲ್ಲಿ ತುಂಬಾ ಜನ ಈ ಊರನ್ನ ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿರ್ತೀವಿ. ಇಲ್ಲಿಂದ ತಿರುಗಿದ್ರೆ ಬಸವನಬೆಟ್ಟದ ಕಾಡು, ಅದರಾಚೆ ಕಾವೇರಿ ದಡದ ಮುತ್ತತ್ತಿ. ಡಾ. ರಾಜ್‌ಕುಮಾರ್ ಅವರ ಮೊದಲ ಹೆಸರು ಮುತ್ತುರಾಜ ಅಲ್ವಾ, ಅದು ಬಂದಿದ್ದು ಇಲ್ಲಿನ ಮುತ್ತತ್ತಿರಾಯನಿಂದ.

ಫಸ್ಟ್ ಇಯರ್‌ನಲ್ಲಿದ್ದಾಗ, ನವೆಂಬರ್‌ನಲ್ಲಿ, ನಮ್ಮ ಟ್ರೆಕ್ಕಿಂಗ್ ಗುಂಪಿನ ಹದಿನಾಲ್ಕು ಜನ ಹಲಗೂರಿನ ಹತ್ತಿರದ ಒಂದು ಸಣ್ಣ ಗುಡ್ಡ ಹತ್ತಿದ್ವಿ. ಅದು ಅಭಯಾರಣ್ಯದ ಹೊರಗಿದೆ, ಊರವರು ಮೇಲಿನ ಗುಡಿಗೆ ಹೋಗೋ ದಾರಿ. ಪ್ಲಾಸ್ಟಿಕ್ ಹೆಕ್ಕೋದು ನಮ್ಮ ಉದ್ದೇಶ. ಮೂರು ಗೋಣಿಚೀಲ ತುಂಬಿತು, ಫೋಟೋನೂ ಆಯ್ತು. ಇಳಿಯುವಾಗ ಬಸ್ಸಿಗೆ ಹೊತ್ತಾಗುತ್ತೆ ಅಂತ ಸುತ್ತು ದಾರಿ ಬಿಟ್ಟು ನೇರವಾಗಿ ಇಳಿದ್ವಿ. ಅಲ್ಲಿ ಆಗಲೇ ಯಾರೋ ಓಡಾಡಿದ ಜಾಡಿತ್ತು. ಸಡಿಲ ಜಲ್ಲಿ ಮೇಲೆ ನಮ್ಮ ಗೆಳೆಯನೊಬ್ಬ ಜಾರಿ ಬಿದ್ದ, ಪಾದ ಉಳುಕಿತು. ಹೆಗಲು ಕೊಟ್ಟು ಕೆಳಗೆ ಕರೆತರೋಕೆ ಸುಮಾರು ಎರಡು ಗಂಟೆ ಬೇಕಾಯ್ತು. ಬಸ್ಸೂ ತಪ್ಪಿತು.

ಕೆಳಗೆ ಮೇಕೆ ಮೇಯಿಸ್ತಿದ್ದ ತಾತ ನೀರು ಕೊಟ್ಟು ಹೇಳಿದ್ರು: "ಅದು ದಾರಿಯಲ್ಲ ಕಣ್ರಪ್ಪಾ, ಕೊರಕಲು. ನಿಮ್ಮಂಗೆ ಬಂದೋರು ತುಳಿದ್ರು, ಮಳೆ ಕೊರೀತು."

ಆ ಒಂದು ಮಾತಲ್ಲಿ ನಮ್ಮ ಒಂದು ಸೆಮ್‌ನ ಪಾಠ ಇತ್ತು ಅಂತ ಆಮೇಲೆ ಗೊತ್ತಾಯ್ತು. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀವಿ.

ಕಾಲು ಮೊದಲು ಮಾಡೋದು ಹುಲ್ಲನ್ನ ಸಾಯಿಸೋ ಕೆಲಸ. ಬೇರಿನ ಹಿಡಿತ ಹೋಗುತ್ತೆ. ತುಳಿದ ಮಣ್ಣು ಗಟ್ಟಿಯಾಗಿ ನೀರು ಕೆಳಗೆ ಇಂಗೋದು ಕಮ್ಮಿಯಾಗುತ್ತೆ. ಇಂಗದ ನೀರು ಮೇಲೆ ಹರೀಲೇಬೇಕು. ಜಾಡು ಅಕ್ಕಪಕ್ಕಕ್ಕಿಂತ ಒಂದಿಂಚು ತಗ್ಗಾಗಿದ್ರೂ ಸಾಕು, ಸುತ್ತಲಿನ ನೀರೆಲ್ಲ ಅಲ್ಲಿಗೇ ಬಂದು ಸೇರುತ್ತೆ. ಅಲ್ಲಿಂದ ಮುಂದೆ ದಾರಿ ಹಾಳು ಮಾಡೋದು ನೀರು.

ಈಗ ಲೆಕ್ಕಕ್ಕೆ ಬನ್ನಿ. ಸುತ್ತು ದಾರಿಯಲ್ಲಿ ನೂರು ಮೀಟರ್‌ಗೆ ಹತ್ತು ಮೀಟರ್ ಏರು, ನೇರ ಜಾಡಿನಲ್ಲಿ ನಲವತ್ತು ಅಂದ್ಕೊಳ್ಳಿ. ಅಂದ್ರೆ ಇಳಿಜಾರು ನಾಲ್ಕು ಪಟ್ಟು. ಮ್ಯಾನಿಂಗ್ ಸೂತ್ರದ ಪ್ರಕಾರ ವೇಗ ಇಳಿಜಾರಿನ ವರ್ಗಮೂಲದ ಹಾಗೆ ಏರುತ್ತೆ. ನೀರಿನ ಆಳ ಒಂದೇ ಇದ್ರೆ ವೇಗ ಎರಡು ಪಟ್ಟು. ಇಷ್ಟೇನಾ ಅನ್ಸುತ್ತೆ. ಆದ್ರೆ ನೀರು ತಳ್ಳೋ ಬಲ ವೇಗದ ವರ್ಗದ ಹಾಗೆ ಏರುತ್ತೆ, ಅಂದ್ರೆ ನಾಲ್ಕು ಪಟ್ಟು. ಅದು ಉರುಳಿಸಬಲ್ಲ ಕಲ್ಲಿನ ತೂಕ ಹೆಚ್ಚುಕಮ್ಮಿ ವೇಗದ ಆರನೇ ಘಾತದ ಹಾಗೆ ಏರುತ್ತೆ. ಎರಡರ ಆರನೇ ಘಾತ 64. ಸುತ್ತು ದಾರಿಯಲ್ಲಿ ಹತ್ತು ಗ್ರಾಂ ಕಲ್ಲು ಉರುಳಿಸೋ ನೀರು, ನೇರ ಜಾಡಿನಲ್ಲಿ ಅರ್ಧ ಕೆಜಿ ಮೀರಿದ ಕಲ್ಲನ್ನ ಎಬ್ಬಿಸುತ್ತೆ. ಮಣ್ಣು ಕೊಚ್ಚಿ ಹೋಗಿ ಕೊನೆಗೆ ಉಳಿಯೋದು ಸಡಿಲ ಕಲ್ಲು. ನಮ್ಮ ಗೆಳೆಯ ಜಾರಿದ್ದು ಅದರ ಮೇಲೇ.

ಹಾಗಾದ್ರೆ ವಾಲಂಟಿಯರ್ ಕೆಲಸ ಏನು? ನೀರನ್ನ ಬೇಗ ದಾರಿಯಿಂದ ಆಚೆ ಕಳಿಸೋದು. ನಾವು ಮೇ ತಿಂಗಳಲ್ಲಿ, ಮುಂಗಾರಿಗೆ ಮುಂಚೆ, ಊರಿನವರನ್ನ ಕೇಳಿಕೊಂಡು, ಗುದ್ದಲಿ, ಹಾರೆ, ಬಾಂಡ್ಲಿ ಹಿಡಿದು ಮತ್ತೆ ಹೋದ್ವಿ. ತಾತನೇ ಮೇಸ್ತ್ರಿ. ದಾರಿಗೆ ಓರೆಯಾಗಿ, ಸುಮಾರು 45 ಡಿಗ್ರಿ ಕೋನದಲ್ಲಿ, ಕಲ್ಲುಗಳನ್ನ ಸಾಲಾಗಿ ಹೂತ್ವಿ. ಮುಕ್ಕಾಲು ಭಾಗ ಮಣ್ಣೊಳಗೇ ಇರಬೇಕು, ಇಲ್ಲಾಂದ್ರೆ ಮೊದಲ ಮಳೆಗೇ ಕಿತ್ತುಬರುತ್ತೆ. ಸಾಲಿನ ತಗ್ಗಿನ ಕೊನೆಯಲ್ಲಿ ನೀರು ಹೊರಗೆ ಹೋಗೋಕೆ ಬಾಯಿ ಬಿಟ್ವಿ. ಪೂರ್ತಿ ಅಡ್ಡಕ್ಕೆ ಇಟ್ರೆ ನೀರು ಅಲ್ಲೇ ನಿಂತು, ತುಂಬಿ, ಕಲ್ಲಿನ ಮೇಲೇ ಹಾರುತ್ತೆ. ನೇರ ಜಾಡಿನ ಎರಡೂ ತುದಿಗೆ ಒಣ ಮುಳ್ಳುಕಂಟಿ ಹಾಕಿ ಮುಚ್ಚಿದ್ವಿ. ಜನ ತುಳಿಯದೇ ಇದ್ರೆ ಹುಲ್ಲು ತಾನೇ ಬರುತ್ತೆ.

ಮಂಡ್ಯ ಜಿಲ್ಲೆಯಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಕ್ಟೋಬರ್ ಕೊನೆಗೆ ನೋಡೋಕೆ ಹೋದ್ವಿ. ಮೂರು ಕಲ್ಲುಸಾಲಲ್ಲಿ ಎರಡು ಚೆನ್ನಾಗಿದ್ವು. ಮೂರನೇದರ ಬಾಯಿ ಹೂಳು ತುಂಬಿ ಮುಚ್ಚಿಹೋಗಿತ್ತು, ನೀರು ಮತ್ತೆ ದಾರಿಯಲ್ಲೇ ಓಡಿತ್ತು. ತಾತ ನಕ್ಕರು: "ಕಾಲುವೆ ತೋಡಿದ್ರೆ ಆಯ್ತದಾ? ವರ್ಸಾ ವರ್ಸಾ ಹೂಳೆತ್ತಬೇಕು." ನಾವು ಕಲಿತದ್ದು ಇದೇ. ಒಂದು ಭಾನುವಾರ ಅರವತ್ತು ಜನ ಬಂದು ಹೋಗೋದಕ್ಕಿಂತ ಆರು ಜನ ಪ್ರತಿ ವರ್ಷ ಎರಡು ಸಲ ಬರೋದು ಆ ದಾರಿಗೆ ಹೆಚ್ಚು ಉಪಯೋಗ.

ಇದನ್ನೇ ಬಸವನಬೆಟ್ಟದಲ್ಲೂ ಮಾಡೋಣ ಅಂತ ಕೆಲವರು ಕೇಳ್ತಿದ್ದೀರಿ. ಅಲ್ಲಿ ವಿಷಯ ಬೇರೆ. ಅದು ಕಾವೇರಿ ವನ್ಯಜೀವಿಧಾಮ, 1987ರಲ್ಲಿ ಘೋಷಣೆಯಾದದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಒಳಗೆ ಕಾಲಿಡೋ ಹಾಗಿಲ್ಲ, ಉದ್ದೇಶ ಎಷ್ಟೇ ಒಳ್ಳೇದಿದ್ರೂ. ಆನೆ ಓಡಾಡೋ ಕಾಡು ಅದು. ಅಲ್ಲಿ ಕೆಲಸ ಮಾಡೋದಾದ್ರೆ ಅರಣ್ಯ ಇಲಾಖೆ ಕರೆದಾಗ, ಅವರ ಸಿಬ್ಬಂದಿ ಜೊತೆ, ಅವರು ಹೇಳಿದ ಕೆಲಸ ಮಾತ್ರ. ಬೇಸಿಗೆಯಲ್ಲಂತೂ ಎಲೆ ಉದುರಿ ಕಾಡು ಒಣಗಿರುತ್ತೆ, ಒಂದು ಬೀಡಿ ತುಂಡು ಸಾಕು.

ಮುತ್ತತ್ತಿಗೆ ಹೋದ್ರೆ ಇನ್ನೊಂದು ಮಾತು: ನದಿಗೆ ಇಳೀಬೇಡಿ. ಮೇಲೆ ಶಾಂತವಾಗಿ ಕಾಣೋ ನೀರಿನಡಿ ಬಂಡೆ, ಗುಂಡಿ, ಸುಳಿ ಇವೆ. ಕೆಆರ್‌ಎಸ್ ಮತ್ತು ಕಬಿನಿ ಎರಡರ ನೀರೂ ಸೇರಿ ಇಲ್ಲಿಗೆ ಬರುತ್ತೆ. ಮುತ್ತತ್ತಿಯಲ್ಲಿ ಬಿಸಿಲಿದ್ರೂ ಮೇಲಿನ ಜಲಾಶಯಗಳಿಂದ ನೀರು ಬಿಟ್ರೆ ಹೊಳೆ ಏರುತ್ತೆ. ಈಜು ಬರೋ ಹುಡುಗರೂ ಅಲ್ಲಿ ಹೋಗಿಬಿಟ್ಟಿದ್ದಾರೆ.

ಮುಂದಿನ ಮೇನಲ್ಲಿ, ಎಕ್ಸಾಮ್ ಡೇಟ್ ನೋಡಿಕೊಂಡು, ಅದೇ ಗುಡ್ಡಕ್ಕೆ ಹೋಗ್ತೀವಿ. ಹಿಡಿತ ಇರೋ ಶೂ, ತುಂಬು ತೋಳಿನ ಅಂಗಿ, ಎರಡು ಲೀಟರ್ ನೀರು ತನ್ನಿ. ಗುದ್ದಲಿ ನಾವು ತರ್ತೀವಿ. ಪಾದ ಉಳುಕಿದ ಗೆಳೆಯನೂ ಬರ್ತಾನೆ, ಮೂರನೇ ಸಾಲಿನ ಹೂಳು ತಾನೇ ಎತ್ತಬೇಕಂತೆ. ಇಳಿಯುವಾಗ ಮಾತ್ರ ಎಲ್ಲರೂ ಸುತ್ತು ದಾರಿಯಲ್ಲೇ, ಬಸ್ಸು ತಪ್ಪಿದ್ರೂ ಪರವಾಗಿಲ್ಲ.