ಬೆಟ್ಟದ ಚಳಿಗೆ ಮನೆಯಲ್ಲಿ ಯಾವ ಹೀಟರ್?

ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಊರು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲೆಲ್ಲ ಬೆಳ್ಳಗಾಗುವುದುಂಟು. ವ್ಯಾಪಾರಕ್ಕಾಗಿ ನೀಲಗಿರಿಯಲ್ಲಿ ನೆಲೆಸಿದ ಬಂಧುಗಳ ಮನೆಗಳಲ್ಲಿ, ಅದರಲ್ಲೂ ರಾತ್ರಿ ಬಿಸಿ ಹಾಲನ್ನೂ ಮುಟ್ಟದ ಹಿರಿಯರಿರುವಲ್ಲಿ, ಕೋಣೆ ಬೆಚ್ಚಗಿಡುವ ಸಾಧನವನ್ನು ಕೊಳ್ಳುವ ಮಾತು ಆಗ ಬಂದೇ ಬರುತ್ತದೆ. ಬೆಲೆ ಎಷ್ಟು, ಕರೆಂಟು ಎಷ್ಟು ತಿನ್ನುತ್ತದೆ ಎಂದು ವ್ಯಾಪಾರಸ್ಥರಾದ ನಾವು ಮೊದಲು ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಉರಿದ ಗಾಳಿ ಎಲ್ಲಿಗೆ ಹೋಗುತ್ತದೆ?

ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು, ಕಿಟಕಿ ಮುಚ್ಚುವ ರೂಢಿ ಚಳಿಯ ಊರುಗಳಲ್ಲಿ ಹಳೆಯದು. ಅಗ್ಗ, ಹೊಗೆಯೂ ಕಾಣದು. ಅಪಾಯವಿರುವುದು ಆ ಕಾಣದಿರುವುದರಲ್ಲೇ. ಇದ್ದಿಲು ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್‌ಗೆ ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು ಇದರ ಸೂಚನೆಗಳು. ನಿದ್ದೆಯಲ್ಲಿದ್ದವರಿಗೆ ಅಷ್ಟೂ ತಿಳಿಯದೆ ಪ್ರಾಣ ಹೋಗಬಹುದು. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟರೆ ಸಾಕೆಂಬ ಭರವಸೆಯೂ ಬೇಡ. ಅಗ್ಗಿಷ್ಟಿಕೆ ಅಂಗಳದಲ್ಲೇ ಇರಲಿ.

ಹಳೆಯ ಬಂಗಲೆಗಳ ಗೋಡೆಯೊಳಗಿನ ಬೆಂಕಿಗೂಡಿಗೆ ಚಿಮಣಿ ಇರುತ್ತದೆ. ನೋಡಲು ಸೊಗಸು, ಆದರೆ ಶಾಖದ ಬಹುಪಾಲು ಚಿಮಣಿಯಲ್ಲೇ ಮೇಲೇರಿಹೋಗುತ್ತದೆ. ಕಾಲಕಾಲಕ್ಕೆ ಮಸಿ ತೆಗೆಸದಿದ್ದರೆ ಹೊಗೆ ಒಳಗೇ ತಿರುಗೀತು. ಸೌದೆಯಲ್ಲಿ ಇರುವೆ, ಗೆದ್ದಲು ಇದ್ದಾವೆಂದು ಕೊಡವಿ ನೋಡಿಯೇ ಒಲೆಗಿಡುವ ನಮ್ಮ ತಾಯಂದಿರಿಗೆ, ರಾತ್ರಿಯ ಅರೆಬೆಳಕಿನಲ್ಲಿ ಸೌದೆ ಒಟ್ಟುವುದು ಒಗ್ಗುವುದೂ ಇಲ್ಲ.

ಚಿಮಣಿಯಿಲ್ಲದ ಗ್ಯಾಸ್ ಹೀಟರಿಗೂ ಗಾಳಿಯ ಪ್ರಶ್ನೆ ಇದ್ದದ್ದೇ. ಜೊತೆಗೆ 1 ಕಿಲೋ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕಿಲೋ ನೀರು ಆವಿಯಾಗಿ ಕೋಣೆಗೆ ಸೇರುತ್ತದೆ. ಮೊದಲೇ ಥಂಡಿ ಹಿಡಿದ ಗೋಡೆಗೆ ಬೂಷ್ಟು ಬರಲು ಇನ್ನೇನು ಬೇಕು?

ಉಳಿದದ್ದು ವಿದ್ಯುತ್ತು. ಕೆಂಪಗೆ ಕಾಯುವ ರಾಡಿನ ಹೀಟರ್ ಎದುರು ಕುಳಿತವರಿಗೆ ಮಾತ್ರ. ಫ್ಯಾನ್ ಹೀಟರ್ ಬೇಗ ಬಿಸಿ ಮಾಡುತ್ತದೆ, ನಿಲ್ಲಿಸಿದೊಡನೆ ಚಳಿ ಮರಳುತ್ತದೆ. ಹಿರಿಯರ ಕೋಣೆಗೆ ನಮ್ಮ ಒಲವು ಎಣ್ಣೆ ತುಂಬಿದ ಹೀಟರಿನ ಕಡೆಗೆ. ಒಳಗಿನ ಎಣ್ಣೆ ಉರಿಯುವುದಿಲ್ಲ, ಮತ್ತೆ ತುಂಬುವ ಕೆಲಸವಿಲ್ಲ. ನಿಧಾನವಾಗಿ ಕಾದು ನಿಧಾನವಾಗಿ ಆರುತ್ತದೆ. ಪತಂಗಗಳನ್ನು ಸೆಳೆಯುವ ಉರಿಯೂ ಇಲ್ಲ. ಚದರಡಿಗೆ 10 ವ್ಯಾಟ್ ಎಂಬುದು ಸ್ಥೂಲ ಲೆಕ್ಕ: 10 ಅಡಿಗೆ 12 ಅಡಿಯ ಕೋಣೆಗೆ 1,200 ವ್ಯಾಟ್. ಸೂರು ಎತ್ತರವಿದ್ದರೆ, ಹೆಂಚಿನ ಮಾಡಾದರೆ ಇನ್ನೂ ಹೆಚ್ಚು ಬೇಕು. 2,000 ವ್ಯಾಟಿನದು ಗಂಟೆಯಿಡೀ ಉರಿದರೆ 2 ಯೂನಿಟ್. ತಕ್ಕಷ್ಟು ಬಿಸಿಯಾದೊಡನೆ ತಾನೇ ನಿಲ್ಲುವ ಥರ್ಮೋಸ್ಟಾಟ್ ಇದ್ದರೆ ಅಷ್ಟಾಗದು. ಅದು ಸುಮಾರು 9 ಆಂಪಿಯರ್ ಎಳೆಯುವುದರಿಂದ ಅರ್ಥಿಂಗ್ ಇರುವ 16 ಆಂಪಿಯರಿನ ಪ್ಲಗ್ಗೇ ಬೇಕು, ಎಕ್ಸ್‌ಟೆನ್ಷನ್ ವಯರು ಕೂಡದು.

ಕೈಯಲ್ಲಿ ಹೆಚ್ಚು ಹಣವಿದ್ದವರು ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎ.ಸಿ. ನೋಡಬಹುದು. ಅದು ಹೊರಗಾಳಿಯ ಶಾಖವನ್ನೇ ಒಳಗೆ ತರುವುದರಿಂದ 1 ಯೂನಿಟ್ ಖರ್ಚಿಗೆ ಸುಮಾರು 3 ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ಹೊರಗೆ ಚಳಿ ಹೆಚ್ಚಿದಷ್ಟೂ ಈ ಲಾಭ ಇಳಿಯುತ್ತದೆ.

ಅಂಗಡಿಯ ಹಿಂದೆಯೇ ಮನೆಯಿದ್ದವರಿಗೆ ಇನ್ನೊಂದು ಮಾತು. ಯಾವ ಹೀಟರೇ ಆಗಲಿ, ಬಟ್ಟೆಯ ಗಂಟು, ಪರದೆ, ಹಾಸಿಗೆಗಳಿಂದ 3 ಅಡಿ ದೂರವಿರಲಿ. ಒದ್ದೆ ಶಾಲನ್ನು ಒಣಗಲೆಂದು ಅದರ ಮೇಲೆ ಹರವಬೇಡಿ.