ಬ್ಯಾಟರಿ ಸವೆಯಿತೋ, ಲೆಕ್ಕ ತಪ್ಪಿತೋ?

ಅಡುಗೆ ಅನಿಲದ ಸಿಲಿಂಡರಿನಲ್ಲಿ ಇನ್ನೆಷ್ಟು ಉಳಿದಿದೆ ಎಂದು ತಿಳಿಯಲು ನಮ್ಮ ಮನೆಗಳಲ್ಲಿ ಹಲವು ಉಪಾಯಗಳುಂಟು. ಕೆಲವರು ಸಿಲಿಂಡರನ್ನು ಕೊಂಚ ಎತ್ತಿ ನೋಡಿ ‘ಇನ್ನೊಂದು ವಾರ ಬಂದೀತು’ ಎನ್ನುತ್ತಾರೆ. ಕೆಲವರು ಒದ್ದೆ ಬಟ್ಟೆಯಲ್ಲಿ ಒರೆಸಿ, ತೇವ ಎಲ್ಲಿಯವರೆಗೆ ಆರದೆ ನಿಂತಿದೆ ಎಂದು ಗಮನಿಸುತ್ತಾರೆ. ಮಹಡಿಯ ನೀರಿನ ಟ್ಯಾಂಕನ್ನು ಬೆರಳಿನಿಂದ ತಟ್ಟಿದರೆ ಸದ್ದೇ ಉತ್ತರ ಹೇಳುತ್ತದೆ. ಹಳೆಯ ಸ್ಕೂಟರಿನ ಸವಾರರಂತೂ ಗಾಡಿಯನ್ನು ಅಲುಗಾಡಿಸಿ, ಪೆಟ್ರೋಲಿನ ಕುಲುಕಾಟ ಕೇಳಿಯೇ ಬಂಕಿನ ದಾರಿ ಹಿಡಿಯುತ್ತಿದ್ದರು.

ವಿದ್ಯುತ್ ಕಾರಿನ ಬ್ಯಾಟರಿಯ ಮುಂದೆ ಈ ಯಾವ ವಿದ್ಯೆಯೂ ನಡೆಯದು. ತುಂಬಿದ ಬ್ಯಾಟರಿಯೂ ಬರಿದಾದ ಬ್ಯಾಟರಿಯೂ ನಮ್ಮ ಕೈಗೆ ಒಂದೇ ತೂಕ, ಕಿವಿಗೆ ಒಂದೇ ಸದ್ದು. ಒಳಗೆ ಎಷ್ಟು ವಿದ್ಯುತ್ತು ಉಳಿದಿದೆ, ವರ್ಷಗಳು ಕಳೆದಂತೆ ಆ ‘ಟ್ಯಾಂಕು’ ತಾನೇ ಎಷ್ಟು ಕುಗ್ಗಿದೆ ಎಂಬ ಎರಡನ್ನೂ ಕಾರಿನ ಪರದೆಯ ಅಂಕಿಯಿಂದಲೇ ತಿಳಿಯಬೇಕು. ಆ ಅಂಕಿಯನ್ನು ಬರೆಯುವುದು ಒಂದು ತಂತ್ರಾಂಶ. ತಂತ್ರಾಂಶವನ್ನು ಬರೆಯುವುದು ಕಾರಿನ ಕಂಪನಿ. ಕಂಪನಿ ಅದನ್ನು ಆಗಾಗ ಬದಲಿಸುತ್ತದೆ. ಇತ್ತೀಚಿನ ಎಷ್ಟೋ ಕಾರುಗಳಲ್ಲಿ ಮೆಕ್ಯಾನಿಕ್ಕಿನ ಬಳಿಗೆ ಹೋಗಬೇಕಾಗಿಯೂ ಇಲ್ಲ. ಷೆಡ್ಡಿನಲ್ಲಿ ನಿಂತಿರುವಾಗಲೇ ಮೊಬೈಲ್ ಫೋನಿಗೆ ಬರುವಂತೆ ಹೊಸ ತಂತ್ರಾಂಶ ಬಂದು ಕೂರುತ್ತದೆ.

ನಿನ್ನೆ ರಾತ್ರಿ 350 ಕಿ.ಮೀ. ತೋರಿಸಿದ ಪರದೆ ಇಂದು ಬೆಳಿಗ್ಗೆ 320 ತೋರಿಸುತ್ತಿದೆ ಎಂದಿಟ್ಟುಕೊಳ್ಳಿ. ಬ್ಯಾಟರಿ ಸವೆಯಿತೆ? ಹಳೆಯ ತಪ್ಪು ಲೆಕ್ಕವನ್ನು ಯಾರಾದರೂ ಸರಿಪಡಿಸಿದರೆ? ಅಥವಾ ನಿಮ್ಮದೇ ಉಗ್ರಾಣದ ಒಂದು ಕೋಣೆಗೆ ಬೀಗ ಜಡಿದರೆ? ಕಾರಿನಲ್ಲೆಲ್ಲ ಅತಿ ದುಬಾರಿ ಭಾಗ ಬ್ಯಾಟರಿಯೇ ಆಗಿರುವಾಗ ಇದು ಸಣ್ಣ ಪ್ರಶ್ನೆಯೇನಲ್ಲ.

ನ್ಯೂಜಿಲೆಂಡಿನ ಒಗಟು

ಈ ಪ್ರಶ್ನೆಗೆ ಒಳ್ಳೆಯ ಉದಾಹರಣೆ 2018ರಲ್ಲಿ ನ್ಯೂಜಿಲೆಂಡಿನಲ್ಲಿ ಸಿಕ್ಕಿತು. ಜಪಾನಿನ ನಿಸಾನ್ ಕಂಪನಿಯ ‘ಲೀಫ್’ ಕಾರು ಅಲ್ಲಿ ಜನಪ್ರಿಯ. ಜಪಾನಿನಲ್ಲಿ ಒಮ್ಮೆ ಬಳಸಿದ ಕಾರುಗಳೇ ಹೆಚ್ಚಾಗಿ ಹಡಗೇರಿ ಬರುತ್ತಿದ್ದವು. ಮೊದಲ ಲೀಫ್‌ಗಳಲ್ಲಿ 24 ಕಿಲೋವಾಟ್-ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 24 ಯೂನಿಟ್ ಹಿಡಿಯುವ ಬ್ಯಾಟರಿ ಇತ್ತು. ಅನಂತರ 30 ಯೂನಿಟ್ಟಿನ ಮಾದರಿ ಬಂತು.

ಅಲ್ಲಿನ ಮಾಲೀಕರು ‘ಫ್ಲಿಪ್ ದ ಫ್ಲೀಟ್’ ಎಂಬ ಜನವಿಜ್ಞಾನ ಯೋಜನೆಯಲ್ಲಿ ಸೇರಿ ತಿಂಗಳು ತಿಂಗಳು ತಮ್ಮ ಕಾರಿನ ಅಂಕಿಗಳನ್ನು ಒಪ್ಪಿಸುತ್ತಿದ್ದರು. 283 ಲೀಫ್‌ಗಳಿಂದ ಬಂದ 1,382 ಅಳತೆಗಳನ್ನು ಸಂಶೋಧಕರು ಜೋಡಿಸಿ ನೋಡಿದಾಗ ಗಾಬರಿ ಹುಟ್ಟಿಸುವ ಚಿತ್ರ ಕಂಡಿತು. ಎರಡು ವರ್ಷ ವಯಸ್ಸಿನಲ್ಲಿ ಹಳೆಯ 24 ಯೂನಿಟ್ಟಿನ ಬ್ಯಾಟರಿಗಳ ಸಾಮರ್ಥ್ಯ ವರ್ಷಕ್ಕೆ ಸರಾಸರಿ ಶೇಕಡಾ 3.1ರಷ್ಟು ಇಳಿಯುತ್ತಿದ್ದರೆ, ಹೊಸ 30 ಯೂನಿಟ್ಟಿನವು ಶೇಕಡಾ 9.9ರಷ್ಟು ಇಳಿಯುತ್ತಿದ್ದವು. ಮೂರು ಪಟ್ಟು ವೇಗ! ಈ ಲೆಕ್ಕದಲ್ಲಿ ಹೋದರೆ ನಾಲ್ಕೈದು ವರ್ಷಕ್ಕೆ ಕಾರು ಊರೊಳಗಿನ ಓಡಾಟಕ್ಕಷ್ಟೇ ಲಾಯಕ್ಕು.

ಜನ ನಂಬಲು ಕಾರಣವೂ ಇತ್ತು. 2012ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಸುಡುಬಿಸಿಲಿನಲ್ಲಿ ಇದೇ ಲೀಫ್‌ಗಳ ಬ್ಯಾಟರಿ ನಿಜಕ್ಕೂ ಬೇಗ ಸವೆದಿತ್ತು. ಅದನ್ನು ತಂಪಾಗಿಡಲು ಕಾರಿನಲ್ಲಿ ಪ್ರತ್ಯೇಕ ವ್ಯವಸ್ಥೆ ಇರಲಿಲ್ಲ. ಲೀಫ್‌ನ ಪರದೆಯ ಮೇಲೆ ಸಾಮರ್ಥ್ಯ ತೋರಿಸುವ 12 ಪಟ್ಟಿಗಳಿರುತ್ತವೆ. ಆ ಗಲಾಟೆಯ ಬಳಿಕ ಕಂಪನಿ, ಐದು ವರ್ಷ ಅಥವಾ 60,000 ಮೈಲಿಯೊಳಗೆ ಪಟ್ಟಿಗಳು ಒಂಬತ್ತಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸರಿಪಡಿಸುತ್ತೇವೆ ಅಥವಾ ಬದಲಿಸುತ್ತೇವೆ ಎಂದು ಮಾತು ಕೊಟ್ಟಿತು. 30 ಯೂನಿಟ್ಟಿನ ಮಾದರಿಗೆ ಆ ಅವಧಿ ಎಂಟು ವರ್ಷ, ಒಂದು ಲಕ್ಷ ಮೈಲಿಗೆ ಏರಿತು.

ಆದರೆ ನ್ಯೂಜಿಲೆಂಡಿನ ಸಂಶೋಧಕರು ಒಂದು ಎಚ್ಚರ ವಹಿಸಿದ್ದರು. ತಮ್ಮ ವರದಿಯ ಶೀರ್ಷಿಕೆಯಲ್ಲಿ ‘ಸಾಮರ್ಥ್ಯ ನಷ್ಟ’ ಎಂದಷ್ಟೇ ಬರೆಯದೆ, ‘ವರದಿಯಾದ ಸಾಮರ್ಥ್ಯ ನಷ್ಟ’ ಎಂದಿದ್ದರು. ಕಾರು ಹಾಗೆ ಹೇಳುತ್ತಿದೆ. ನಿಜವೋ ಅಲ್ಲವೋ ಬೇರೆ ಮಾತು ಎಂಬ ಅರ್ಥ. ಆ ಒಂದು ಪದ ಕೆಲವೇ ತಿಂಗಳಲ್ಲಿ ಸಾರ್ಥಕವಾಯಿತು. ಬ್ಯಾಟರಿಯ ನಿಯಂತ್ರಕ ಸಾಮರ್ಥ್ಯವನ್ನು ತಪ್ಪಾಗಿ ತೋರಿಸುತ್ತಿದೆ, ಬ್ಯಾಟರಿ ಅದಕ್ಕಿಂತ ಚೆನ್ನಾಗಿಯೇ ಇದೆ ಎಂದು ನಿಸಾನ್ ಜೂನ್ 2018ರಲ್ಲಿ ಒಪ್ಪಿಕೊಂಡು ಹೊಸ ತಂತ್ರಾಂಶ ಕೊಟ್ಟಿತು. ಹಾಕಿಸಿಕೊಂಡ ಕಾರುಗಳಲ್ಲಿ ಅಂಕಿ ಮೇಲೇರಿತು. ಒಂದು ತೊಟ್ಟು ರಸಾಯನವೂ ಬದಲಾಗದೆ ಬ್ಯಾಟರಿಗಳಿಗೆ ಹರೆಯ ಮರಳಿತ್ತು!

ಅಂದಾಜಿನ ಗಣಿತ

ಇಷ್ಟು ದೊಡ್ಡ ಕಂಪನಿಯ ಲೆಕ್ಕ ಹೀಗೆ ತಪ್ಪುವುದು ಹೇಗೆ? ಉತ್ತರ ಸರಳ: ಬ್ಯಾಟರಿಯ ಸಾಮರ್ಥ್ಯವನ್ನು ಕಾರು ಅಳೆಯುವುದೇ ಇಲ್ಲ, ಊಹಿಸುತ್ತದೆ.

ಊಹೆಗೆ ಎರಡು ದಾರಿಗಳಿವೆ. ಮೊದಲನೆಯದು ಜಮಾ-ಖರ್ಚಿನ ಲೆಕ್ಕ. ಒಳಗೆ ಹೋದ ವಿದ್ಯುತ್ತು ಎಷ್ಟು, ಹೊರಗೆ ಹೋದದ್ದೆಷ್ಟು ಎಂದು ಕ್ಷಣಕ್ಷಣವೂ ಬರೆದಿಡುವುದು. ಇಲ್ಲಿ ಪ್ರತಿ ಸಲವೂ ಕೂದಲೆಳೆಯಷ್ಟು ತಪ್ಪಾಗುತ್ತದೆ; ತಿಂಗಳುಗಟ್ಟಲೆ ಸೇರಿದಾಗ ಅದು ಹಗ್ಗದಷ್ಟಾಗುತ್ತದೆ. ಎರಡನೆಯದು ವೋಲ್ಟೇಜ್ ನೋಡಿ ಹೇಳುವುದು. ಕಾರು ವಿಶ್ರಾಂತಿಯಲ್ಲಿದ್ದಾಗ ಬ್ಯಾಟರಿಯ ವೋಲ್ಟೇಜ್ ಹೆಚ್ಚಿದ್ದರೆ ತುಂಬಿದೆ, ಇಳಿದಿದ್ದರೆ ಖಾಲಿಯಾಗಿದೆ ಎಂದು ತಿಳಿಯಬಹುದು. ಆದರೆ ಚಳಿ, ಸೆಕೆ, ಬ್ಯಾಟರಿಯ ವಯಸ್ಸು ಎಲ್ಲವೂ ಇಲ್ಲಿ ಕೈಯಾಡಿಸುತ್ತವೆ.

ಈಗ ನಮ್ಮ ರಸ್ತೆಗಳಲ್ಲಿ ಹೆಚ್ಚಾಗುತ್ತಿರುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳಲ್ಲಿ ಇನ್ನೊಂದು ತೊಡಕು. ಮುಕ್ಕಾಲು ತುಂಬಿದ್ದರೂ ಕಾಲು ಭಾಗ ಉಳಿದಿದ್ದರೂ ಅವುಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಪೂರ್ತಿ ತುಂಬಿದಾಗ ಮಾತ್ರ ಅದು ಸರ್ರನೆ ಏರುತ್ತದೆ. ಇಂಥ ಕಾರುಗಳನ್ನು ಆಗಾಗ ಪೂರ್ತಿ ಶೇಕಡಾ ನೂರಕ್ಕೆ ತುಂಬಿಸಿ ಎಂದು ತಯಾರಕರು ಹೇಳುವುದು ಇದಕ್ಕೇ. ಜಮಾ-ಖರ್ಚಿನ ಪುಸ್ತಕ ಮತ್ತೆ ತಾಳೆಯಾಗುವುದು ಆ ಒಂದು ಘಳಿಗೆಯಲ್ಲಿ. ದಿನವೂ ಅರ್ಧಕ್ಕೆ ತುಂಬಿಸಿ ಅರ್ಧಕ್ಕೆ ನಿಲ್ಲಿಸುವವರ ಕಾರಿನಲ್ಲಿ ಅಂಕಿ ತುಸು ದಾರಿ ತಪ್ಪಿದರೆ ಬ್ಯಾಟರಿಯನ್ನು ಬೈಯುವಂತಿಲ್ಲ.

ಬೀಗ ಹಾಕಿದ ಕೋಣೆ

ಲೆಕ್ಕ ತಿದ್ದುವುದು ತಂತ್ರಾಂಶದ ಒಂದು ಕೆಲಸವಾದರೆ, ಬ್ಯಾಟರಿಯ ಎಷ್ಟು ಭಾಗ ಬಳಸಬೇಕು ಎಂದು ತೀರ್ಮಾನಿಸುವುದು ಇನ್ನೊಂದು. ಬ್ಯಾಟರಿಯನ್ನು ಗಂಟಲವರೆಗೆ ತುಂಬಿದರೂ, ತಳ ಕಾಣುವವರೆಗೆ ಬರಿದು ಮಾಡಿದರೂ ಆಯುಷ್ಯ ಕಡಿಮೆ. ಆದ್ದರಿಂದ ತಯಾರಕರು ಮೇಲೂ ಕೆಳಗೂ ಒಂದಿಷ್ಟು ಭಾಗವನ್ನು ಮುಟ್ಟದೆ ಬಿಡುತ್ತಾರೆ. ಪೆಟ್ರೋಲ್ ಎಂಜಿನ್ನೂ ಇದ್ದ ಅಮೆರಿಕದ ಷೆವರ್ಲೆ ವೋಲ್ಟ್ ಕಾರಿನ ಮೊದಲ ಮಾದರಿಯಲ್ಲಿ ಬ್ಯಾಟರಿ 16 ಯೂನಿಟ್ಟಿನದಾಗಿದ್ದರೂ ಬಳಕೆಗೆ ಸಿಗುತ್ತಿದ್ದುದು ಸುಮಾರು 10 ಯೂನಿಟ್ ಮಾತ್ರ.

ಈ ಗುಪ್ತ ಉಗ್ರಾಣದ ಬೀಗದ ಕೈ ದೂರದಲ್ಲಿ ಯಾರದೋ ಬಳಿ ಇರಬಹುದೆಂದು ಜಗತ್ತಿಗೆ ಮೊದಲೇ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನವರೂ ಇದ್ದಾರೆ. 2001ರಲ್ಲಿ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗಿಳಿಸಿದ ಇಲ್ಲಿನ ರೇವಾ ಕಂಪನಿ, 2009ರಲ್ಲಿ ಫ್ರಾಂಕ್‌ಫರ್ಟ್ ಮೋಟಾರು ಪ್ರದರ್ಶನದ ವೇಳೆ ‘ರಿವೈವ್’ ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ನಡುದಾರಿಯಲ್ಲಿ ಚಾರ್ಜು ಮುಗಿದರೆ ಫೋನು ಮಾಡಿ, ಇಲ್ಲವೇ ಎಸ್ಸೆಮ್ಮೆಸ್ ಕಳಿಸಿ. ಕಂಪನಿಯ ಕೇಂದ್ರದಲ್ಲಿ ಕುಳಿತವರು ನಿಮ್ಮ ಬ್ಯಾಟರಿಯ ಸ್ಥಿತಿ ನೋಡಿ, ಅಡಗಿಸಿಟ್ಟ ಕೊನೆಯ ಪಾಲನ್ನು ಬಿಡುಗಡೆ ಮಾಡುತ್ತಾರೆ. ಸ್ಕೂಟರಿನ ‘ರಿಸರ್ವ್’ ತಿರುಪನ್ನು ಸವಾರನ ಕಾಲ ಬುಡದಿಂದ ಕಿತ್ತು ಕಂಪನಿಯ ಕಚೇರಿಯಲ್ಲಿ ಕೂಡಿಸಿದ ಹಾಗೆ!

2017ರ ಸೆಪ್ಟೆಂಬರಿನಲ್ಲಿ ಅಮೆರಿಕದ ಫ್ಲಾರಿಡಾಕ್ಕೆ ಇರ್ಮಾ ಚಂಡಮಾರುತ ನುಗ್ಗಿದಾಗ ಟೆಸ್ಲಾ ಕಂಪನಿಯೂ ಇದನ್ನೇ ಮಾಡಿತು. ಕಡಿಮೆ ಬೆಲೆಗೆ ಮಾರಿದ್ದ ಕೆಲವು ಕಾರುಗಳಲ್ಲಿ 75 ಯೂನಿಟ್ಟಿನ ಬ್ಯಾಟರಿಯಿದ್ದರೂ ತಂತ್ರಾಂಶದಿಂದ ಅದನ್ನು ಕಟ್ಟಿಹಾಕಲಾಗಿತ್ತು. ಜನ ಊರು ಬಿಟ್ಟು ಓಡುತ್ತಿರುವಾಗ ಆ ಕಟ್ಟನ್ನು ತಾತ್ಕಾಲಿಕವಾಗಿ ಬಿಚ್ಚಲಾಯಿತು. ಎಲ್ಲರೂ ಶಹಭಾಸ್ ಎಂದರು.

ಬಿಚ್ಚಬಲ್ಲ ಕೈ ಕಟ್ಟಲೂ ಬಲ್ಲದು. 2019ರಲ್ಲಿ ಕೆಲವು ಕಾರುಗಳಿಗೆ ಬೆಂಕಿ ಬಿದ್ದ ಬಳಿಕ ಟೆಸ್ಲಾ ಒಂದು ಹೊಸ ತಂತ್ರಾಂಶ ಕಳಿಸಿತು. ಬ್ಯಾಟರಿಯ ರಕ್ಷಣೆ ಮತ್ತು ದೀರ್ಘಾಯುಷ್ಯಕ್ಕಾಗಿ ಎಂಬ ವಿವರಣೆ ಬಂತು. ಆದರೆ ಹಳೆಯ ಮಾಡೆಲ್ ಎಸ್ ಕಾರುಗಳ ಹಲವು ಮಾಲೀಕರಿಗೆ ಕಂಡದ್ದು, ರಾತ್ರಿ ಬೆಳಗಾಗುವುದರೊಳಗೆ ಕಡಿಮೆಯಾದ ಓಟದ ದೂರ. ಅವರು ಕೋರ್ಟಿಗೆ ಹೋದರು. 2021ರಲ್ಲಿ 15 ಲಕ್ಷ ಡಾಲರ್‌ಗಳ ರಾಜಿಯಾಯಿತು. 1,743 ಕಾರುಗಳಿಗೆ ತಲಾ 625 ಡಾಲರ್ ಪರಿಹಾರ.

ಇದಕ್ಕೆ ಹೋಲಿಸಿದರೆ ಜನರಲ್ ಮೋಟಾರ್ಸ್ ಕಂಪನಿಯ ಷೆವರ್ಲೆ ಬೋಲ್ಟ್ ಪ್ರಕರಣ ನೇರವಾಗಿತ್ತು. ಬ್ಯಾಟರಿಗೆ ಬೆಂಕಿ ತಗಲುವ ಭೀತಿ ಕಂಡಾಗ 2020ರ ನವೆಂಬರಿನಲ್ಲಿ ಕಂಪನಿ ಕಾರುಗಳನ್ನು ಮರಳಿ ಕರೆದು, ಶೇಕಡಾ 90ಕ್ಕಿಂತ ಹೆಚ್ಚು ತುಂಬದಂತೆ ತಂತ್ರಾಂಶ ಹಾಕುತ್ತೇವೆ ಎಂದು ಮೊದಲೇ ಹೇಳಿತು. ಅನಂತರ ಬ್ಯಾಟರಿ ಬದಲಿಸುವ ಕೆಲಸಕ್ಕೂ ಇಳಿಯಿತು. ಮಾಲೀಕನಿಗೆ ಅನಾನುಕೂಲವಾದರೂ ತನ್ನ ಸೊತ್ತಿಗೆ ಏನಾಗುತ್ತಿದೆ ಎಂಬುದು ಗೊತ್ತಿತ್ತು.

ತಕ್ಕಡಿಗೆ ಮುದ್ರೆ

ಇಲ್ಲಿದೆ ನಿಜವಾದ ಸಮಸ್ಯೆ. ಬ್ಯಾಟರಿ ಇಂತಿಷ್ಟು ಸವೆದರೆ ಬದಲಿಸಿಕೊಡಬೇಕಾದದ್ದು ಕಂಪನಿ. ಎಷ್ಟು ಸವೆದಿದೆ ಎಂದು ಹೇಳುವ ಅಂಕಿಯನ್ನು ಬರೆಯುವುದೂ ಅದೇ ಕಂಪನಿ. ಲೀಫ್‌ನಲ್ಲಿ ತಪ್ಪು ಲೆಕ್ಕ ಕಂಪನಿಗೇ ನಷ್ಟ ತರುವಂತಿತ್ತು; ಇಳಿದ ಪಟ್ಟಿಗಳನ್ನು ತೋರಿಸಿ ಮಾಲೀಕರು ಹೊಸ ಬ್ಯಾಟರಿ ಕೇಳಬಹುದಿತ್ತು. ತಿದ್ದುಪಡಿಯಾದೊಡನೆ ಆ ಬೇಡಿಕೆಗೂ ಆಧಾರ ಹೋಯಿತು. ತಿದ್ದುಪಡಿ ಪ್ರಾಮಾಣಿಕವೇ ಆಗಿರಲಿ, ಅದನ್ನು ಒರೆಗೆ ಹಚ್ಚಿ ನೋಡಲು ಸಾಮಾನ್ಯ ಗಿರಾಕಿಗೆ ದಾರಿ ಬೇಡವೆ? ಅಂಗಡಿಯವನ ತಕ್ಕಡಿಗೆ, ಪೆಟ್ರೋಲ್ ಬಂಕಿನ ಪಂಪಿಗೆ, ಆಟೋ ಮೀಟರಿಗೆ ಸರ್ಕಾರದ ಮುದ್ರೆ ಬೀಳುವುದು ಅಂಗಡಿಯವರೆಲ್ಲ ಕಳ್ಳರೆಂದಲ್ಲ. ಅಳೆಯುವವನೇ ಹಣ ಎಣಿಸುವವನೂ ಆಗಿರುವಾಗ ಮೂರನೆಯವನ ಕಣ್ಣು ಬೇಕು, ಅಷ್ಟೆ.

ಹಳೆಯ ಕಾರು ಕೊಳ್ಳುವವನಿಗಂತೂ ಇದು ಜೇಬಿನ ಪ್ರಶ್ನೆ. ಹಳೆಯ ಲೀಫ್‌ಗಳಲ್ಲಿ ಬ್ಯಾಟರಿ ನಿಯಂತ್ರಕದ ನೆನಪನ್ನು ಅಳಿಸಿಬಿಟ್ಟರೆ, ಸವೆದ ಬ್ಯಾಟರಿಯೂ ಕೆಲವು ಕಾಲ 12 ಪಟ್ಟಿ ತೋರಿಸುತ್ತ ಮೆರೆಯುತ್ತದೆ. ಕಿಲೋಮೀಟರು ಹಿಂದಕ್ಕೆ ತಿರುಗಿಸುವ ಹಳೆಯ ಚಾಳಿಗೆ ಇದು ಹೊಸ ತಮ್ಮ.

ವಿಶ್ವಸಂಸ್ಥೆಯ ವಾಹನ ನಿಯಮ ವೇದಿಕೆ 2022ರ ಮಾರ್ಚ್‌ನಲ್ಲಿ ಇದಕ್ಕೊಂದು ಜಾಗತಿಕ ನಿಯಮವನ್ನು ಅಂಗೀಕರಿಸಿತು. ಅದರ ಪ್ರಕಾರ ಐದು ವರ್ಷ ಅಥವಾ ಒಂದು ಲಕ್ಷ ಕಿ.ಮೀ. ಬಳಿಕವೂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟು, ಎಂಟು ವರ್ಷ ಅಥವಾ 1.6 ಲಕ್ಷ ಕಿ.ಮೀ. ಬಳಿಕ ಶೇಕಡಾ 70ರಷ್ಟು ಸಾಮರ್ಥ್ಯ ಉಳಿದಿರಬೇಕು. ಇದಕ್ಕಿಂತ ಮುಖ್ಯವಾದ ಮಾತು ಬೇರೊಂದಿದೆ. ಉಳಿದ ಸಾಮರ್ಥ್ಯದ ಅಂಕಿ ಮಾಲೀಕನಿಗೆ ಕಾಣಬೇಕು. ರಸ್ತೆಯಲ್ಲಿ ಓಡಿದ ಕೆಲವು ಕಾರುಗಳನ್ನು ಪ್ರಯೋಗಾಲಯಕ್ಕೆ ತಂದು, ಆ ಅಂಕಿ ಸತ್ಯ ಹೇಳುತ್ತಿದೆಯೇ ಎಂದು ಪರೀಕ್ಷಿಸಬೇಕು. ತಂತ್ರಾಂಶಕ್ಕೂ ಬಿತ್ತು ಮುದ್ರೆ! ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ‘ಯೂರೋ 7’ ಕಾನೂನಿನಲ್ಲೂ ಬ್ಯಾಟರಿ ಬಾಳಿಕೆಯ ಷರತ್ತುಗಳು ಸೇರಿವೆ. ಹಳೆಯ ವಿದ್ಯುತ್ ಕಾರುಗಳ ಕೊಡುಕೊಳೆ ನಮ್ಮಲ್ಲೂ ಬೆಳೆಯಲಿದೆ. ಆಟೋ ಮೀಟರಿಗೆ ತೋರುವ ಕಾಳಜಿ ಲಕ್ಷಗಟ್ಟಲೆ ಬೆಲೆಯ ಬ್ಯಾಟರಿಗೂ ಸಲ್ಲಬೇಕು.

ನಿಮ್ಮ ಒದ್ದೆ ಬಟ್ಟೆ

ಮಾಲೀಕರು ಕೈಕಟ್ಟಿ ಕೂರಬೇಕಾಗಿಲ್ಲ. ವರ್ಷಕ್ಕೆ ಎರಡು ಸಲ, ಕಾರಿನ ಚಾರ್ಜು ಶೇಕಡಾ 10ಕ್ಕೆ ಇಳಿದಾಗ ಮನೆಯ ಮೀಟರು ನೋಡಿ ಬರೆದಿಡಿ. ಬೇರೆ ಬಳಕೆ ಸೇರದಂತೆ ಕಾರಿಗೇ ಪ್ರತ್ಯೇಕ ಮೀಟರು ಇದ್ದರೆ ಇನ್ನೂ ಒಳ್ಳೆಯದು. ಶೇಕಡಾ 100 ತುಂಬಿದ ಮೇಲೆ ಮತ್ತೆ ನೋಡಿ. 30 ಯೂನಿಟ್ ಖರ್ಚಾಗಿದ್ದರೆ, ಚಾರ್ಜು ಮಾಡುವಾಗ ಸೋರಿಹೋಗುವ ಸುಮಾರು ಹತ್ತನೆಯ ಒಂದು ಪಾಲು ಕಳೆದು 27 ಎನ್ನಿ. ಅದು ಶೇಕಡಾ 90ರ ಪಾಲು. ಪೂರ್ತಿ ಬ್ಯಾಟರಿ 30 ಯೂನಿಟ್ಟಿನದು. ಈ ಲೆಕ್ಕವೂ ಅಂದಾಜೇ. ಆದರೆ ನಿಮ್ಮ ಗೋಡೆಯ ಮೀಟರು ಕಾರಿನ ಕಂಪನಿಯದಲ್ಲ.

ಹೊಸ ತಂತ್ರಾಂಶ ಬರುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಹೀಗೆ ಅಳೆದು, ಅದೇ ದಾರಿಯಲ್ಲಿ ಅದೇ ಹವೆಯಲ್ಲಿ ಓಡಿಸಿ ನೋಡಿ. ಪರದೆಯ ಅಂಕಿ ಬದಲಾಗಿದ್ದರೂ ಯೂನಿಟ್ಟು, ಕಿಲೋಮೀಟರು ಮೊದಲಿನಷ್ಟೇ ಇದ್ದರೆ ಬದಲಾದದ್ದು ಲೆಕ್ಕದ ಪುಸ್ತಕ, ನಿಶ್ಚಿಂತೆಯಿಂದಿರಿ. ಯೂನಿಟ್ಟೇ ಒಮ್ಮೆಲೇ ಇಳಿದಿದ್ದರೆ ಉಗ್ರಾಣಕ್ಕೆ ಬೀಗ ಬಿದ್ದಿರಬಹುದು. ಸರ್ವೀಸ್ ಕೇಂದ್ರದಲ್ಲಿ ಲಿಖಿತ ಉತ್ತರ ಕೇಳಿ. ವರ್ಷ ವರ್ಷ ನಿಧಾನವಾಗಿ ಇಳಿಯುತ್ತಿದ್ದರೆ, ಅದು ನಮ್ಮ ನಿಮ್ಮಂತೆ ಬ್ಯಾಟರಿಗೂ ವಯಸ್ಸಾಗುತ್ತಿರುವ ಲಕ್ಷಣ.

ಕಾರು ಎಷ್ಟೇ ಜಾಣನಾಗಲಿ, ಅದರ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಎರಡು ರೂಪಾಯಿಯ ಒಂದು ಪೆನ್ಸಿಲ್ಲೂ ಒಂದು ನೋಟ್ ಪುಸ್ತಕವೂ ಇರಲಿ.