ನಿಮಗಿದು ಗೊತ್ತೇ? ಪೆಂತೆಕೋಸ್ತ್ ಹಬ್ಬಕ್ಕೂ ದೊಡ್ಡಬಳ್ಳಾಪುರಕ್ಕೂ ನಂಟುಂಟು!

ಆ ನಂಟು ಹುಡುಕಲು ಮೊದಲು ಕೇರಳಕ್ಕೆ ಹೋಗಬೇಕು. 2017ರಲ್ಲಿ ಕೊಚ್ಚಿ ಮೆಟ್ರೊ ಶುರುವಾದಾಗ ಆಲುವದಿಂದ ಹೊರಟ ರೈಲು ಪಾಲಾರಿವಟ್ಟಂವರೆಗೆ ಮಾತ್ರ ಓಡುತ್ತಿತ್ತು. ಕೇರಳದ ಕಥೋಲಿಕ ಬಿಷಪರ ಮಂಡಳಿಯ ಕೇಂದ್ರ ಪಿ.ಒ.ಸಿ. ಇರುವುದು ಅಲ್ಲೇ. ಲ್ಯಾಟಿನ್, ಸಿರೋ ಮಲಬಾರ್, ಸಿರೋ ಮಲಂಕರ ಎಂಬ ಮೂರು ಸಂಪ್ರದಾಯದವರು ಅಲ್ಲಿ ಒಂದೇ ಸೂರಿನಡಿ ಸಭೆ ಸೇರುತ್ತಾರೆ. ಪೂಜಾವಿಧಿ ಮೂವರದೂ ಬೇರೆ ಬೇರೆ. 1981ರಲ್ಲಿ ಹೊರಬಂದ ಮಲಯಾಳಂ ಬೈಬಲ್ ಮಾತ್ರ ಎಲ್ಲರಿಗೂ ಒಂದೇ. ಅದರ ಹೆಸರೂ 'ಪಿ.ಒ.ಸಿ. ಬೈಬಲ್'!

ಇನ್ನು ಹಬ್ಬದ ಮಾತು. ಪೆಂತೆಕೋಸ್ತ್ ಮೊದಲಿಗೆ ಯೆಹೂದ್ಯರ ಗೋಧಿ ಸುಗ್ಗಿಯ ಹಬ್ಬ. ಕ್ರೈಸ್ತರಿಗೆ ಅದು ಈಸ್ಟರ್ ಭಾನುವಾರವನ್ನೂ ಸೇರಿಸಿ ಎಣಿಸಿದರೆ ಐವತ್ತನೆಯ ದಿನ, ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ದಿನ.

ಆ ದಿನ ಶಿಷ್ಯರ ಮಾತು ಕೇಳಿದ ಕೆಲವರು 'ಇವರು ಕುಡಿದಿದ್ದಾರೆ' ಎಂದು ಗೇಲಿ ಮಾಡಿದರಂತೆ. ಶಿಷ್ಯ ಪೇತ್ರ ಕೊಟ್ಟ ಮೊದಲ ಸಮಜಾಯಿಷಿ ಏನು ಗೊತ್ತೇ? ಈಗಿನ್ನೂ ಬೆಳಿಗ್ಗೆ ಒಂಬತ್ತು ಗಂಟೆ! ಕ್ರೈಸ್ತ ಸಭೆಯ ಮೊತ್ತಮೊದಲ ಪ್ರಸಂಗ ಶುರುವಾದದ್ದು ಹೀಗೆ. ಅದು ಮುಗಿಯುವಷ್ಟರಲ್ಲಿ ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನಕ್ಕೆ ಸಿದ್ಧರಾಗಿದ್ದರು.

ಬೈಬಲ್ ಕೊಡುವ ನೆರೆದಿದ್ದವರ ಪಟ್ಟಿಯಲ್ಲಿ ಪಾರ್ಥಿಯ, ಈಜಿಪ್ಟ್, ಲಿಬಿಯ, ರೋಮ್, ಕ್ರೀಟ್, ಅರಬ್ ಎಂದು ಹದಿನೈದು ನಾಡು-ಜನಾಂಗಗಳ ಹೆಸರಿವೆ. ಪ್ರತಿಯೊಬ್ಬರಿಗೂ ಕೇಳಿಸಿದ್ದು ಅವರವರ ತಾಯ್ನುಡಿ. ಯೆರೂಸಲೇಮಿನ ಮಾತು ಕಲಿತು ಬನ್ನಿ ಎಂದು ಯಾರನ್ನೂ ವಾಪಸು ಕಳಿಸಲಿಲ್ಲ. ಇಂದಿನ ಸಭೆಗಳಿಗೆ ಈ ಹಬ್ಬದಲ್ಲಿ ಚುರುಕು ಮುಟ್ಟಿಸುವ ಅಂಶ ಇದೇ ಎಂದು ನನಗನ್ನಿಸುತ್ತದೆ. ಕನ್ನಡಕ್ಕೆ ಎಷ್ಟು ಹೊತ್ತಿನ ಪೂಜೆ, ತಮಿಳಿಗೆ ಎಷ್ಟು, ಇಂಗ್ಲಿಷಿಗೆ ಎಷ್ಟು ಎಂದು ಬೆಂಗಳೂರಿನ ಚರ್ಚುಗಳಲ್ಲಿ ದಶಕಗಳ ಕಾಲ ಜಗಳವಾಗಿದೆ. ಹಬ್ಬದ ದಿನ ಈ ಕಥೆಯಿರುವ ಬೈಬಲಿನ ಅಧ್ಯಾಯ ಮಾತ್ರ ಎಲ್ಲ ಭಾಷೆಯ ಪೂಜೆಯಲ್ಲೂ ತಪ್ಪದೆ ಓದಿಸಿಕೊಳ್ಳುತ್ತದೆ, ಪಾಪ!

ಅತ್ತ ಕೇರಳದಲ್ಲಿ, ಚಾಲಕುಡಿ ಬಳಿಯ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರದಲ್ಲಿ ಕನ್ನಡದಲ್ಲೂ ಧ್ಯಾನಕೂಟ ನಡೆಯುತ್ತದೆ, ಕೊಂಕಣಿಯಲ್ಲೂ.

ಈಸ್ಟರಿನಿಂದ ಪೆಂತೆಕೋಸ್ತ್‌ವರೆಗೆ ಮೊಣಕಾಲೂರಬಾರದು, ನಿಂತೇ ಪ್ರಾರ್ಥಿಸಬೇಕು ಎಂದು 325ರ ನೈಸಿಯ ಮಹಾಸಭೆ ವಿಧಿಸಿತ್ತು. ಕೇರಳದ ಆರ್ಥೊಡಾಕ್ಸ್ ಮತ್ತು ಯಾಕೋಬಾಯ ಚರ್ಚುಗಳಲ್ಲಿ ಈ ಕಟ್ಟಳೆ ಮುರಿಯುವುದು ಪೆಂತೆಕೋಸ್ತ್ ದಿನವೇ. ತಂದೆ, ಮಗ, ಪವಿತ್ರಾತ್ಮ ಎಂದು ಮೂರು ಭಾಗಗಳ ಆರಾಧನೆ. ಒಂದೊಂದರಲ್ಲೂ ಜನ ಮೊಣಕಾಲೂರುತ್ತಾರೆ; ಅಚ್ಚನ್ (ಪಾದ್ರಿ) ಸಾಲುಗಳ ನಡುವೆ ನೀರು ಚಿಮುಕಿಸುತ್ತಾ ಬರುತ್ತಾರೆ.

ಇನ್ನೊಂದು ತಮಾಷೆ. 'ಪೆಂತೆಕೋಸ್ತ್' ಎಂದು ಹೆಸರಿಟ್ಟುಕೊಂಡ ಕೇರಳದ ಹಲವು ಸಭೆಗಳು ಪೆಂತೆಕೋಸ್ತ್ ಹಬ್ಬವನ್ನೇ ಆಚರಿಸುವುದಿಲ್ಲ! ಅವರಿಗೆ ಹಬ್ಬದ ಪಂಚಾಂಗವೇ ಬೇಡ. ಅವರಲ್ಲಿ ಅನೇಕರಿಗೆ ಒಡವೆಯೂ ಬೇಡ. ಹೆಜ್ಜೆಗೊಂದು ಚಿನ್ನದಂಗಡಿ ಇರುವ ನಾಡಿನಲ್ಲಿ ಬರಿಗೊರಳಿನ ಮದುಮಗಳೆಂದರೆ ಸಣ್ಣ ಸಾಕ್ಷಿಯಲ್ಲ.

ಈ ಸಭೆಗಳಿಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಅಮೆರಿಕದ ರಾಬರ್ಟ್ ಕುಕ್. 1913ರಲ್ಲಿ ಅವರು ಬಂದಿಳಿದದ್ದು ಕೇರಳಕ್ಕಲ್ಲ, ಬೆಂಗಳೂರಿಗೆ. ದೊಡ್ಡಬಳ್ಳಾಪುರದಲ್ಲಿ ಕೆಲಸ ಮಾಡಿ, ಆಮೇಲೆ ಕೇರಳದಲ್ಲಿ ನೆಲೆ ನಿಂತರು. ಅವರೊಡನೆ ದುಡಿದು ಬಳಿಕ ಬೇರೆಯಾದ ಕೆ.ಇ. ಅಬ್ರಹಾಂ ಕಟ್ಟಿದ್ದೇ ಇಂಡಿಯನ್ ಪೆಂಟೆಕೋಸ್ಟಲ್ ಚರ್ಚ್. ಅದರ ಕೇಂದ್ರ ಕುಂಬನಾಡ್. ತಿರುವನಂತಪುರದಲ್ಲಿ ಅಸೆಂಬ್ಲೀಸ್ ಆಫ್ ಗಾಡ್‌ಗೆ ನೆಲೆ ಒದಗಿಸಿದವರು ಮೇರಿ ಚಾಪ್‌ಮನ್ ಎಂಬ ಹೆಂಗಸು.

ಹೆಂಗಸರ ಮಾತು ಬಂತು, ಪಂಡಿತಾ ರಮಾಬಾಯಿಯನ್ನು ಬಿಡುವುದು ಹೇಗೆ? ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಮಾಳದವರು. ಮಗಳು ಹುಟ್ಟಿದ್ದು 1858ರಲ್ಲಿ, ತುಂಗಾ-ಭದ್ರಾ-ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ. ಪುಣೆ ಬಳಿಯ ಕೇಡ್‌ಗಾಂವ್‌ನಲ್ಲಿ ಅವರು ನಡೆಸುತ್ತಿದ್ದ ಮುಕ್ತಿ ಆಶ್ರಮದಲ್ಲಿ 1905ರಲ್ಲಿ ಹುಡುಗಿಯರು ಅಳುತ್ತಾ, ಗಟ್ಟಿಯಾಗಿ ಪ್ರಾರ್ಥಿಸುತ್ತಾ ಆತ್ಮದ ಬೆಂಕಿ ತಗುಲಿತೆಂದು ಹೇಳಿಕೊಂಡರು. ಪೆಂತೆಕೋಸ್ತ್ ಪಂಗಡಗಳ ತವರು ಎಂದು ಜಗತ್ತು ಕೊಂಡಾಡುವ ಲಾಸ್ ಏಂಜಲೀಸ್‌ನ ಅಝೂಸಾ ಬೀದಿಯ ಕೂಟಗಳು ಶುರುವಾದದ್ದು ಮರುವರ್ಷ, 1906ರಲ್ಲಿ! ಮುಕ್ತಿಯಲ್ಲಿದ್ದ ಮಿನ್ನಿ ಏಬ್ರಮ್ಸ್ ಆಶ್ರಮದ ಈ ಜಾಗೃತಿ ಕುರಿತು ಪುಸ್ತಕ ಬರೆದರು. ಅದು ಚಿಲಿ ದೇಶದ ಮೆಥಡಿಸ್ಟ್ ಪಾದ್ರಿ ವಿಲ್ಲಿಸ್ ಹೂವರ್ ದಂಪತಿಯ ಕೈಸೇರಿತು. 1909ರಲ್ಲಿ ಅಲ್ಲೂ ಅದೇ ಬಗೆಯ ಜಾಗೃತಿ. ಗಂಗಾಮೂಲ ಎಲ್ಲಿ, ಚಿಲಿ ಎಲ್ಲಿ!

ಮತ್ತೆ ಭಾಷೆಯ ಮಾತಿಗೆ ಬಂದರೆ, ಬೈಬಲ್ ಪೂರ್ತಿಯಾಗಿ ಮೊದಲು ಬಂದದ್ದು ಕನ್ನಡಕ್ಕೋ ಮಲಯಾಳಕ್ಕೋ? ಕನ್ನಡಕ್ಕೆ. ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ. ಬೆಂಜಮಿನ್ ಬೈಲಿಯ ಮಲಯಾಳಂ ಬೈಬಲ್ ಪೂರ್ಣಗೊಂಡದ್ದು 1841ರಲ್ಲಿ, ಕೋಟ್ಟಯಂನಲ್ಲಿ.

ಈಗಿನ ಕ್ಯಾಲೆಂಡರಿನ ಲೆಕ್ಕದಲ್ಲಿ ಪೆಂತೆಕೋಸ್ತ್ ಮೇ 10ಕ್ಕಿಂತ ಮುಂಚೆಯೂ ಜೂನ್ 13ರ ಆಚೆಗೂ ಬೀಳುವುದಿಲ್ಲ. ಕೇರಳಕ್ಕೆ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. ಪಾಲಾರಿವಟ್ಟಂಗೆ ಹಬ್ಬಕ್ಕೆ ಹೋಗುವವರು ಕೊಡೆ ಒಯ್ಯುವುದು ಕ್ಷೇಮ.